ಬಾಣಂತಿಯ ಬಾಗಿಲು

ಕಳವಾ
೯ ಮಾರ್ಚ್ ೨೦೨೫

ಮಾಲಾ,

ಈ ಕಾಗದವನ್ನು ಅಪ್ಪನ ಬುತ್ತಿ ಚೀಲದಲ್ಲಿ ಹಾಕಿ ಕಳಿಸುತ್ತಿದ್ದೇನೆ. ಫೋನು ಅವ್ವನ ಟ್ರಂಕಿನಲ್ಲಿದೆ. ಬಾಣಂತಿ ಫೋನು ನೋಡಿದರೆ ಕಣ್ಣು ಹೋಗುತ್ತವಂತೆ. ಓದಿದರೂ ಬರೆದರೂ ಅಷ್ಟೇ ಎನ್ನುತ್ತಾಳೆ. ಅವಳು ನಳದ ಸಾಲಿನಲ್ಲಿ ಕೊಡ ಇಡಲು ಹೋದಾಗ ಬರೆಯುತ್ತಿದ್ದೇನೆ. ಎಲ್ಲಾದರೂ ಅಕ್ಷರ ಓಡಿದ್ದರೆ ಅವಳ ಬಳೆಯ ಸದ್ದು ಕೇಳಿತೆಂದು ತಿಳಿದುಕೋ.

ಕೂಸು ಚೆನ್ನಾಗಿದೆ. ನಮ್ಮ ಅಪ್ಪನ ಹಣೆ, ನಿನ್ನ ಭಾವ ಭೀಮುವಿನ ಕಿವಿ. ನೀನು ಹೆರಿಗೆ ಆಸ್ಪತ್ರೆಗೆ ಬಂದು ಜಾಲರಿಯ ಆಚೆ ನಿಂತು ನೋಡಿ ಹೋದದ್ದು ನನಗೆ ಗೊತ್ತು. ಒಳಗೆ ಬರಬಹುದಿತ್ತು. ಯಂಕಪ್ಪ ಮಾವನನ್ನು ಮದುವೆಯಾಗಲಾರೆ ಎಂದು ನೀನು ಮನೆ ಬಿಟ್ಟು ಎರಡು ವರ್ಷವಾಯಿತು. ಅವ್ವ ತನ್ನ ತಮ್ಮನಿಗಾದ ಅವಮಾನವನ್ನು ಮರೆತಿಲ್ಲ, ನಿಜ. ಆದರೆ ಅಕ್ಕನ ಕೂಸನ್ನು ಎತ್ತಿಕೊಳ್ಳಲು ಯಾರ ಅಪ್ಪಣೆ ಬೇಕು ನಿನಗೆ?

ಇಲ್ಲಿ ನನ್ನ ಬಾಣಂತನ ಭರ್ಜರಿಯಾಗಿ ನಡೆದಿದೆ. ಭೀಮು ನವಿ ಮುಂಬಯಿಯ ಕಟ್ಟಡದ ಕೆಲಸ ಬಿಟ್ಟು ಬರುವುದು ಭಾನುವಾರ ಮಾತ್ರ, ಹಾಗಾಗಿ ನನ್ನ ಪರವಾಗಿ ಮಾತಾಡುವವರು ಯಾರೂ ಇಲ್ಲ. ಕಿವಿಗೆ ಅರಳೆ, ತಲೆಗೆ ಬಿಗಿಯಾಗಿ ಬಟ್ಟೆ, ಮೈಮೇಲೆ ಕಂಬಳಿ. ಹೊರಸಿನ ಕೆಳಗೆ ಕೆಂಡದ ಬುಟ್ಟಿ. ಕುಡಿಯಲು ಕಾಯಿಸಿದ ನೀರು, ಅದೂ ಎರಡು ಗುಟುಕು. ಹೆಚ್ಚು ಕುಡಿದರೆ ಹೊಟ್ಟೆ ಇಳಿಯುವುದಿಲ್ಲವಂತೆ. ಗಾಳಿ ತಾಗಬಾರದೆಂದು ಬಾಗಿಲು ಸದಾ ಮುಚ್ಚಿರುತ್ತದೆ. ಮೇಲೆ ತಗಡು. ಊಟದ ಹೊತ್ತಿಗೆ ಅದು ಟಿಣ್ ಟಿಣ್ ಎಂದು ಬಿರಿಯುವ ಸದ್ದು ಮಾಡುತ್ತದೆ. ಬಾಣಲೆಯಲ್ಲಿ ಮುಚ್ಚಿಟ್ಟ ಬದನೆಕಾಯಿಯ ಹಾಗೆ ನಾನೂ ಕೂಸೂ ಒಳಗೆ ಮಲಗಿರುತ್ತೇವೆ.

ನೀನು ಓದಿದವಳು. ಇದು ಸರಿಯೋ ತಪ್ಪೋ ಹೇಳು.

ನಿನ್ನ ಅಕ್ಕ,
ಪದ್ಮಾವತಿ


ಠಾಕುರ್ಲಿ
೧೨ ಮಾರ್ಚ್ ೨೦೨೫

ಅಕ್ಕಾ,

ಅಪ್ಪ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಕಾಗದ ಕೊಟ್ಟು ಗೋದಾಮಿನ ಕಡೆ ನಡೆದ. ಹಮಾಲಿಗೆ ಹೊತ್ತಾಗಿತ್ತು. ಆದರೆ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದ. ನಾನು ಓದಲು ಶುರು ಮಾಡಿದೆನೋ ಇಲ್ಲವೋ ಎಂದಿರಬೇಕು.

ನಾನು ವಾಚನಾಲಯದ ಕೆಲಸ ಮುಗಿಸಿ ಠಾಕುರ್ಲಿಯಲ್ಲಿ ಇಳಿದರೆ, ರೈಲ್ವೆಯ ಹಳೆಯ ವಸತಿಯ ಮರಗಳ ಕೆಳಗೆ ನಡೆದು, ನನಗೆ ಇರಲು ಜಾಗ ಕೊಟ್ಟ ರತ್ನಕ್ಕನ ಮನೆಗೆ ಬರುತ್ತೇನೆ. ಡೊಂಬಿವಲಿಯ ಬಜಾರಿನಲ್ಲಿ ಬೆನ್ನಿಗೆ ಅಂಟಿದ್ದ ಕುಪ್ಪಸ ಅಲ್ಲಿ ತಾನಾಗಿ ಬಿಡುತ್ತದೆ. ಒಂದೇ ಸೂರ್ಯ, ನಡುವೆ ಒಂದೇ ಸ್ಟೇಷನ್ನು. ಬಿಸಿಲು ಎಲ್ಲರಿಗೂ ಒಂದೇ ಎನ್ನುವವರನ್ನು ಒಮ್ಮೆ ಆ ದಾರಿಯಲ್ಲಿ ನಡೆಸಬೇಕು, ಆಮೇಲೆ ನಮ್ಮ ತಗಡಿನ ಕೆಳಗೆ ಕೂರಿಸಬೇಕು ಅನಿಸುತ್ತದೆ.

ಈ ಬೇಸಿಗೆ ಸಾಧಾರಣದ್ದಲ್ಲ ಅಕ್ಕಾ. ಬಿಸಿಗಾಳಿಯ ಎಚ್ಚರಿಕೆ ಆಗಲೇ ಒಂದು ಸಲ ಬಂದು ಹೋಗಿದೆ. ಇಂಥ ದಿನಗಳಲ್ಲಿ ಮೊದಲು ಬೀಳುವವರು ಮುದುಕರು, ಕೂಸುಗಳು, ಹೊಸ ಬಾಣಂತಿಯರು ಎಂದು ಎಲ್ಲ ಪತ್ರಿಕೆಗಳೂ ಬರೆಯುತ್ತಿವೆ. ನಾನು ಮದುವೆಯಾಗದವಳು, ನನಗೆ ಬಾಣಂತನ ಗೊತ್ತಿಲ್ಲ. ಬಾಯಾರಿಕೆ ಗೊತ್ತು. ನೀನು ನೀರು ಕುಡಿಯದಿದ್ದರೆ ಕೂಸಿಗೆ ಹಾಲು ಎಲ್ಲಿಂದ ಬರಬೇಕು?

ಅವ್ವ ನಳಕ್ಕೆ ಹೋದಾಗ ಬಾಗಿಲು ತೆಗೆ. ತಲೆಯ ಬಟ್ಟೆ ಬಿಚ್ಚು. ಕೆಂಡದ ಬುಟ್ಟಿ ಹೊರಗಿಡು. ಹೊಟ್ಟೆ ತುಂಬ ನೀರು ಕುಡಿ. ಖಾಡಿಯ ಉಪ್ಪುನೀರಿನ ಮೇಲಿಂದ ಮಧ್ಯಾಹ್ನ ನಮ್ಮ ಓಣಿಗೆ ಗಾಳಿ ಬರುತ್ತದಲ್ಲ, ಅದು ಒಳಗೆ ಬರಲಿ.

ಕೂಸಿನ ಅಂಗಾಲಿಗೆ ಮುತ್ತು.

ಮಾಲಾ


ಕಳವಾ
೧೬ ಮಾರ್ಚ್ ೨೦೨೫

ಮಾಲಾ,

ನೀನು ಹೇಳಿದಂತೆ ಮಾಡಿದೆ. ಮಾಡಬಾರದಾಗಿತ್ತು.

ನೀನು ಹೋದ ಮೇಲೆ ಇಲ್ಲಿ ಏನೇನಾಗಿದೆ ಎಂದು ನಿನಗೆ ಗೊತ್ತಿಲ್ಲ. ತಪ್ಪು ನನ್ನದೂ ಹೌದು, ನಾನು ಬರೆಯಲಿಲ್ಲ. ಖಾಡಿಯ ಕಡೆ ದೊಡ್ಡ ಕಟ್ಟಡಗಳು ಬಂದಿವೆ, ಅವುಗಳ ಗೋಡೆ ನಮ್ಮ ಓಣಿಯ ಬಾಯಿಗೆ ನಿಂತಿದೆ. ಕೊಳಚೆ ಹರಿಯುವ ನಾಲಾದ ದಂಡೆಯಲ್ಲಿದ್ದ ಎರಡು ಮಳೆಮರಗಳನ್ನು ರಸ್ತೆಗೆಂದು ಕಡಿದರು. ರಸ್ತೆ ಆಗಲಿಲ್ಲ, ಆ ಜಾಗ ಕಸದ್ದಾಯಿತು. ಕಸ ಎತ್ತುವ ಗುತ್ತಿಗೆಯ ಮುಕಾದಮ ಗಾಡಿ ತರಿಸುವ ಗೋಜಿಗೆ ಹೋಗದೆ ಎಲ್ಲವನ್ನೂ ಅಲ್ಲೇ ಸುಡಿಸುತ್ತಾನೆ. ಪ್ಲಾಸ್ಟಿಕ್, ರಬ್ಬರ್, ಹಾಳು ಗಾದಿ, ಎಲ್ಲ. ಅದು ನಮ್ಮ ಬಾಗಿಲಿಗೆ ನೇರವಾಗಿದೆ.

ನಾನು ಬಾಗಿಲು ತೆಗೆದೆ. ಮೊದಲು ಸ್ವಲ್ಪ ಹಾಯೆನಿಸಿತು. ಆಮೇಲೆ ಕರಿ ಹೊಗೆ ಒಳಗೆ ಬಂದು ತಗಡಿಗೆ ತಗುಲಿ ಕೆಳಗಿಳಿಯಿತು. ಕೂಸು ಕೆಮ್ಮಿತು. ಕೆಮ್ಮಿ ಕೆಮ್ಮಿ ತುಟಿ ಬಣ್ಣಗೆಟ್ಟಿತು. ಅಷ್ಟರಲ್ಲಿ ಅವ್ವ ಬಂದಳು. ಕೊಡ ಅಂಗಳಕ್ಕೆ ಎಸೆದು ಕೂಸನ್ನು ಎತ್ತಿಕೊಂಡಳು.

“ಯಾರು ತಗದರು ಬಾಗಿಲಾ?”

“ಶೆಕಿ ತಾಳ್ಲಾರ್ದಕ್ಕ ನಾನೇ ತಗದೆ.”

“ನೀ ತಗದಾಕಿ ಅಲ್ಲ. ಠಾಕುರ್ಲಿಯಾಗ ಕುಂತಾಕಿ ತಗಸ್ಯಾಳ. ನಿಮ್ಮಪ್ಪನ ಬುತ್ತಿ ಚೀಲದಾಗ ರೊಟ್ಟಿ ಹೋಗ್ತಾವ, ಬುದ್ಧಿ ಬರ್ತಾವ, ನನಗ ತಿಳ್ಯಾಂಗಿಲ್ಲೇನು?”

ಅವಳ ಹಿಂದೆಯೇ ಬಂದ ಅಪ್ಪ ಮೂಲೆಯಲ್ಲಿ ಕುಳಿತು ಬೀಡಿ ಹುಡುಕುವವನಂತೆ ಕಿಸೆ ತಡಕಾಡುತ್ತಿದ್ದ.

“ಒಂದ್ ಮದುವಿ ಮಾಡ್ಕೊಂಡು, ಒಂದ್ ಹಡದು, ಆಮ್ಯಾಲ ನನಗ ಬಾಣಂತನ ಕಲಸು ಅಂತ ಬರಿ ಆಕಿಗಿ,” ಎಂದು ಅವ್ವ ನನ್ನ ಮುಂದೆ ಪೆನ್ನು ಒಗೆದಳು. ಅದೇ ಪೆನ್ನಿನಿಂದ ಬರೆಯುತ್ತಿದ್ದೇನೆ.

ಬಾಗಿಲು ಮುಚ್ಚಿದರೆ ಬೇಯುತ್ತೇವೆ. ತೆಗೆದರೆ ಉಸಿರು ಕಟ್ಟುತ್ತದೆ. ಇನ್ನು ಅಲ್ಲಿಂದ ಬುದ್ಧಿ ಹೇಳಬೇಡ.

ಪದ್ಮಾವತಿ


ಠಾಕುರ್ಲಿ
೨೫ ಮಾರ್ಚ್ ೨೦೨೫

ಅಕ್ಕಾ,

ಬುದ್ಧಿ ಹೇಳುವುದಿಲ್ಲ. ಏನು ಮಾಡಿದೆ ಎಂದಷ್ಟೇ ಹೇಳುತ್ತೇನೆ.

ಮರಾಠಿಯಲ್ಲಿ ಅರ್ಜಿ ಬರೆದುಕೊಂಡು ಪಾಲಿಕೆಯ ಆಫೀಸಿಗೆ ಹೋದೆ. ನನ್ನ ಹಿಂದೆ ಬಂದವರೆಲ್ಲ ನನ್ನ ಮುಂದೆ ಹೋದರು. ಕೊನೆಗೆ ಕಿಟಕಿ ಸಿಕ್ಕಿತು. ಕನ್ನಡಕದ ಗುಮಾಸ್ತ ಅರ್ಜಿ ಓದಿ, ಕಸ ಸುಡುವುದಕ್ಕೆ ನಿಷೇಧವಿದೆ, ಆದ್ದರಿಂದ ಅಲ್ಲಿ ಯಾರೂ ಕಸ ಸುಡುತ್ತಿಲ್ಲ ಎಂದ. ಸುಡುತ್ತಿದ್ದಾರೆ ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿರಬೇಕು. ಅವನು ಒಂದು ಕರಪತ್ರ ಕೊಟ್ಟು ಕಳಿಸಿದ. ಬಿಸಿಲ ಹೊಡೆತದಿಂದ ಪಾರಾಗಲು ಮಧ್ಯಾಹ್ನ ಮನೆಯ ಒಳಗೇ ಇರಿ ಎಂದು ಅದರಲ್ಲಿದೆ. ಪಕ್ಕದಲ್ಲಿ ಹೆಂಚಿನ ಮನೆ, ಮನೆಯ ಮುಂದೆ ಮರ, ನಗುವ ತಾಯಿ. ಅದನ್ನು ಬರೆದವರು ನಮ್ಮ ಮನೆಯ ‘ಒಳಗೆ’ ಎಂಬುದನ್ನು ನೋಡಿಲ್ಲ.

ರತ್ನಕ್ಕನಿಗೆ ಹೇಳಿದೆ. ಉಡುಪಿಯ ಕಡೆಯವರು, ಮಾತಿನಲ್ಲಿ ಮುಲಾಜಿಲ್ಲ.

“ಎಂತ ಮಾರಾಯ್ತಿ, ನೀನು ಅಲ್ಲಿ ಮಾತಾಡಿದ್ದಾ, ಪಿಸುಗುಟ್ಟಿದ್ದಾ?”

“ಪಿಸುಗುಟ್ಟಿದೆ.”

“ಹಾಗಾದ್ರೆ ಅವ ಕೇಳ್ಲಿಲ್ಲ ಅಂತ ಬೇಜಾರು ಮಾಡುವ ಹಾಗಿಲ್ಲ. ನಾಳೆ ಪುನಃ ಹೋಗು. ಗಂಟಲು ಎಷ್ಟಿದೆ ಅಂತ ಒಂದು ಸಲ ನೋಡಿ ಬಾ.”

ಮರುದಿನ ಹೋದೆ. ಗಂಟಲು ಸ್ವಲ್ಪ ಇದೆ ಎಂದು ಗೊತ್ತಾಯಿತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅರ್ಜಿಗೆ ಮುದ್ರೆ ಬಿತ್ತು. ಹೊಗೆ ನಿಂತಿರಲಿಕ್ಕಿಲ್ಲ.

ರತ್ನಕ್ಕ ಇನ್ನೊಂದು ಮಾತು ಹೇಳಿದರು: ನಿನ್ನನ್ನೂ ಕೂಸನ್ನೂ ಇಲ್ಲಿಗೆ ಕರೆತರಬೇಕಂತೆ. ಹಿಂದಿನ ಕೋಣೆ ಖಾಲಿ ಇದೆ, ಕಿಟಕಿಯಲ್ಲಿ ಹುಣಸೆಮರ ಇದೆ. ಬರುತ್ತೀಯಾ? ಕೋಪವಿದ್ದರೆ ಇರಲಿ, ಅದನ್ನೂ ತೆಗೆದುಕೊಂಡು ಬಾ.

ಮಾಲಾ


ಕಳವಾ
೩ ಏಪ್ರಿಲ್

ಚಿ. ಮಾಲಾಗೆ ನಿನ್ನ ಅಪ್ಪ ಬಾಲಪ್ಪ ಬರೆಯುವುದು.

ನಿನಗೆ ಫೋನು ಹತ್ತಲಿಲ್ಲ, ವಾಚನಾಲಯದಲ್ಲಿ ಬಂದ್ ಇಟ್ಟಿರಬೇಕು. ಅದಕ್ಕೇ ಚೀಟಿ ಬರೆದು ನಮ್ಮ ಗೋದಾಮಿನ ಹುಡುಗನ ಕೈಯಲ್ಲಿ ಕಳಿಸಿದ್ದೇನೆ. ಇಂದು ಮಧ್ಯಾಹ್ನ ಪದ್ಮಾ ಎಚ್ಚರ ತಪ್ಪಿದಳು. ಮೈ ಕೆಂಡವಾಗಿತ್ತು, ಬೆವರು ಒಂದು ಹನಿ ಇರಲಿಲ್ಲ. ಕೂಸು ಹಾಲು ಎಳೆಯಲಿಲ್ಲ, ಬೆಳಗಿನಿಂದ ಬಟ್ಟೆ ಒದ್ದೆ ಮಾಡಿರಲಿಲ್ಲ. ಮೂರು ಜನ ಸೇರಿ ರಿಕ್ಷಾದಲ್ಲಿ ಹಾಕಿಕೊಂಡು ಇಲ್ಲಿನ ದೊಡ್ಡ ಆಸ್ಪತ್ರೆಗೆ ಬಂದೆವು. ಸೂಜಿ ಚುಚ್ಚಿ ನೀರು ಏರಿಸುತ್ತಿದ್ದಾರೆ. ತಡ ಆಗಿದ್ದರೆ ಉಳಿಯುತ್ತಿರಲಿಲ್ಲ ಅಂದರು.

ನಿಮ್ಮ ಅವ್ವ ಮೆಟ್ಟಿಲ ಮೇಲೆ ಕುಳಿತಿದ್ದಾಳೆ. ನೀನು ಬಾ. ಅವಳು ಕರೆಯಲಿಲ್ಲ. ನಾನು ಕರೆಯುತ್ತಿದ್ದೇನೆ.

ಬಾಲಪ್ಪ


ಠಾಕುರ್ಲಿ
೮ ಏಪ್ರಿಲ್ ೨೦೨೫

ಅವ್ವಾ,

ಇದನ್ನು ಅಕ್ಕ ನಿನಗೆ ಓದಿ ಹೇಳುತ್ತಾಳೆ. ನಡುವೆ ಎದ್ದು ಹೋಗಬೇಡ.

ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನು ನಿನ್ನಿಂದ ಒಂದು ಕೈ ದೂರದಲ್ಲಿ ಕುಳಿತಿದ್ದೆ. ನೀನು ನನ್ನ ಕಡೆ ನೋಡಲಿಲ್ಲ. ಒಳಗೆ ಅಕ್ಕನ ಹಾಸಿಗೆಯ ಹತ್ತಿರ ಡಾಕ್ಟರು ಬಂದು, ನೀರು ಕುಡಿಸಿ, ತಲೆಗೆ ಬಟ್ಟೆ ಕಟ್ಟಬೇಡಿ, ಬಾಗಿಲು ತೆರೆದಿಡಿ ಎಂದರು. “ಬಾಗಿಲಾ ತಗದ್ರ ಹೊಗಿ ಬರ್ತದ ಸಾಹೇಬ್ರ, ಹೊಗಿಗಿ ಏನ್ ಔಷಧ ಕೊಡ್ತೀರಿ?” ಎಂದು ನೀನು ಕೇಳಿದೆ. ನಾನೇ ಅದನ್ನು ಮರಾಠಿಗೆ ತಿರುಗಿಸಿ ಹೇಳಿದೆ. ಅವರು ಮುಂದಿನ ಹಾಸಿಗೆಗೆ ಹೋದರು.

ಆಮೇಲೆ ನಿನಗೆ ನೀನೇ ಎನ್ನುವ ಹಾಗೆ ಒಂದು ಮಾತು ಹೇಳಿದೆ. ಊರಿನ ನಮ್ಮ ಬಾಣಂತಿ ಕೋಣೆಗೆ ಮೊಳದಗಲದ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬೇಸಿಗೆಯಲ್ಲೂ ನೆಲ ತಣ್ಣಗೆ. ಅಲ್ಲಿ ಕೆಂಡ ಬೇಕಾಗಿತ್ತು, ಕಂಬಳಿ ಬೇಕಾಗಿತ್ತು. “ಬಾಣಂತನ ಮಾಡಿದ್ದು ಆ ಖೋಲಿ. ನಾ ಮಾಡ್ದೆ ಅಂತ ತಿಳ್ಕೊಂಡಿದ್ದೆ,” ಎಂದೆ.

ನಾನೂ ತಪ್ಪಿದೆ ಅವ್ವಾ. ನೀನು ಊರಿನ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಗಿಲು ಮುಚ್ಚಿದೆ, ನಾನು ಈಗ ಬೀಸದ ಗಾಳಿಯನ್ನು ನಂಬಿ ತೆರೆಸಿದೆ. ಎಲ್ಲೂ ಇಲ್ಲದ ಮನೆಯಲ್ಲಿ ಇಬ್ಬರೂ ಅಕ್ಕನ ಬಾಣಂತನ ಮಾಡಿದೆವು.

ಅಕ್ಕನನ್ನು ಇಲ್ಲಿಗೆ ಕಳಿಸು. ನಿನಗೆ ನನ್ನ ಮೇಲೆ ಸಿಟ್ಟಿರಲಿ, ನಾನೂ ಯಂಕಪ್ಪ ಮಾವನ ವಿಷಯದಲ್ಲಿ ಕ್ಷಮೆ ಕೇಳುವುದಿಲ್ಲ. ಅದು ಬೇರೆ ಜಗಳ. ಅದನ್ನು ಆಮೇಲೆ ಆಡೋಣ, ಹೊತ್ತಿದೆ. ಇದಕ್ಕೆ ಹೊತ್ತಿಲ್ಲ.

ನಿನ್ನ ಮಗಳು,
ಮಾಲಾ


ಕಳವಾ
೨೦ ಏಪ್ರಿಲ್ ೨೦೨೫

ಮಾಲಾ,

ನಾನು ಠಾಕುರ್ಲಿಗೆ ಬರುವುದಿಲ್ಲ. ರತ್ನಕ್ಕನಿಗೆ ನನ್ನ ನಮಸ್ಕಾರ ಹೇಳು. ಯಾಕೆ ಬರುವುದಿಲ್ಲ ಎಂದು ಕೇಳು.

ನಿನ್ನ ಕಾಗದವನ್ನು ಅವ್ವ ಎರಡು ಸಲ ಓದಿಸಿದಳು. ಮರುದಿನ ಬೆಳಿಗ್ಗೆ ಕೆಂಡದ ಬುಟ್ಟಿಯನ್ನು ತಾನೇ ಹೊರಗೆ ಸುರಿದಳು, ತಲೆಯ ಬಟ್ಟೆ ಬಿಚ್ಚಿದಳು, ಒಂದು ಚರಿಗೆ ತುಂಬ ನೀರು ತಂದಿಟ್ಟಳು.

“ಕುಡಿ. ಇದು ನಿಮ್ಮವ್ವ ಕೊಟ್ಟ ನೀರು, ನಿನ್ನ ತಂಗಿ ಕೊಟ್ಟದ್ದಲ್ಲ.”

ಕುಡಿದೆ. ಎರಡನೆಯ ಚರಿಗೆಯನ್ನೂ ಕುಡಿದೆ. ಹಾಗಾದರೆ ಠಾಕುರ್ಲಿಗೆ ಹೋಗಲೇನು ಎಂದು ಕೇಳಿದೆ.

“ಹೋಗು. ನಿನಗ ತಂಗಿ ಮನಿ ಅದ. ಈ ಓಣ್ಯಾಗ ಉಳದೋರಿಗಿ ಯಾರ ಮನಿ ಅದ? ಬಾಗಿಲಾ ತಗಿಯೂದು ನನ್ನ ಕೈಯಾಗಿಲ್ಲ, ಆ ಮುಕಾದಮನ ಕೈಯಾಗ ಅದ. ಅವನ ಕೈಯಾಗಿಂದ ಕಿತ್ಕೋಬೇಕು. ಅದಕ್ಕ ಬಾಣಂತಿ ಬೇಕು ನನಗ.”

ನನಗೆ ಅರ್ಥವಾಗಲಿಲ್ಲ. ಆಮೇಲೆ ಹೇಳಿದಳು. ಬಾಣಂತನ ಮುಗಿದ ಮೇಲೆ ಬಾಣಂತಿ ಮೊದಲ ಸಲ ಹೊಸ್ತಿಲು ದಾಟಿ ಬಾವಿಗೆ ಹೋಗಿ ಗಂಗಾಪೂಜೆ ಮಾಡುತ್ತಾಳಲ್ಲ, ಓಣಿಯ ಹೆಂಗಸರೆಲ್ಲ ಕೊಡ ಹೊತ್ತು ಜೊತೆಗೆ ಹೋಗುತ್ತಾರಲ್ಲ, ಅದನ್ನು ಈಗಲೇ ಮಾಡುತ್ತಾಳಂತೆ. ಬಾವಿ ಇಲ್ಲಿ ಎಲ್ಲಿದೆ? ಎಲ್ಲರೂ ನಳಕ್ಕೇ ಕುಂಕುಮ ಹಚ್ಚಿ ಮುಗಿಸುತ್ತಾರೆ.

“ನಳಕ್ಕ ಮಾಡೂದಾದ್ರ ನಾಲಾಕ ಯಾಕ ಮಾಡಬಾರ್ದು? ಅದೂ ಒಂದ್ ಕಾಲಕ್ಕ ಹಳ್ಳ ಇತ್ತು,” ಎಂದಳು. ಎದುರು ಖೋಲಿಯ ಅಜ್ಜಿ, ಇನ್ನೂ ಮೂರು ತಿಂಗಳು ತುಂಬಿಲ್ಲ, ಶಾಸ್ತ್ರ ತಪ್ಪುತ್ತದೆ ಎಂದರು. “ನನ್ನ ಮಗಳು ಸತ್ರ ಶಾಸ್ತ್ರ ಸರಿ ಆಗ್ತದೇನು?” ಎಂದು ಅವ್ವ ಅವರ ಕೈಗೂ ಒಂದು ಕೊಡ ಕೊಟ್ಟಳು.

ಶುಕ್ರವಾರ ಬೆಳಿಗ್ಗೆ ನಳ ಬಂದಾಗ ಹಿಡಿದ ನೀರನ್ನು ಯಾರೂ ಮನೆಗೆ ಒಯ್ಯಲಿಲ್ಲ. ನನಗೆ ಹಸಿರು ಸೀರೆ ಉಡಿಸಿದರು. ಕೂಸು ಅವ್ವನ ತೋಳಿನಲ್ಲಿ. ಮುಂದೆ ನಾನು, ಹಿಂದೆ ಓಣಿಯ ಹೆಂಗಸರು, ಎಲ್ಲರ ತಲೆಯ ಮೇಲೂ ತುಂಬಿದ ಕೊಡ. ಆ ದಿನದ ಅಡಿಗೆಯ ನೀರು, ಕುಡಿಯುವ ನೀರು, ಎಲ್ಲ ಅದೇ. ಹಾಡುತ್ತ ಹೋದೆವು. ಅರ್ಧ ಜನರಿಗೆ ಹಾಡು ಬರುತ್ತಿರಲಿಲ್ಲ, ಕೊನೆಯ ಸಾಲಿಗೆ ಮಾತ್ರ ಜೋರಾಗಿ ಸೇರುತ್ತಿದ್ದರು. ಅಪ್ಪ ಗೋದಾಮಿನ ಅಂಗಳದಿಂದ ಒಂದು ಫರಸಿ ತುಂಡು ತಂದಿದ್ದ. ಶಹಾಬಾದಿನ ಕಲ್ಲು, ನಮ್ಮ ಕಡೆಯದು. ಅದನ್ನು ಕಸದ ರಾಶಿಯ ನಡುವೆ ನಿಲ್ಲಿಸಿ ಅವ್ವ ಅರಿಸಿನ ಕುಂಕುಮ ಹಚ್ಚಿದಳು. ನಾನು ಮೊದಲ ಕೊಡವನ್ನು ಕಲ್ಲಿಗೆ ಸುರಿದೆ. ಉಳಿದವರು ತಮ್ಮ ಕೊಡಗಳನ್ನು ಹೊಗೆಯಾಡುವ ರಾಶಿಗೆ ಸುರಿದರು. ಬೂದಿ ಚಟಪಟ ಎಂದು ಸಿಡಿದು ಸೀರೆಗಳೆಲ್ಲ ಕಪ್ಪಾದವು.

ಮುಕಾದಮ ಮೋಟಾರ್ ಸೈಕಲ್ ಬಿಟ್ಟು ಓಡಿ ಬಂದು, ಇದೇನು ನಡೆದಿದೆ ಎಂದು ಕೂಗಿದ.

“ಏ ಮೌಶಿ, ಹೇ ಕಾಯ್ ಚಾಲ್ಲಂಯ್?”

ಅವ್ವ ತನ್ನ ಮರಾಠಿಯಲ್ಲಿ ಅಂದಳು: “ಗಂಗಾಪೂಜಾ ಆಹೆ. ಚಪ್ಪಲ್ ಕಾಢಾ.”

ಅವನು ತನ್ನ ಕಾಲು ನೋಡಿಕೊಂಡ. ಕಸದ ಮೇಲೆ ಚಪ್ಪಲಿ ಬಿಡು ಎಂದು ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ. ಇದು ಪಾಲಿಕೆಯ ಜಾಗ, ನಾಳೆ ಮತ್ತೆ ಕಸ ಬೀಳುತ್ತದೆ, ಸುಡಬೇಕಾಗುತ್ತದೆ ಎಂದು ಗೊಣಗಿದ. ಆಗ ಅವ್ವ ಕನ್ನಡಕ್ಕೆ ಬಂದಳು.

“ಬಾಣಂತಿಗಿ ಹೊಗಿ ಹಾಕಾಕಿ ನಾನು. ಲೋಬಾನದ ಹೊಗಿ, ಅದೂ ಸಂಜಿ ಒಂದ್ ಹೊತ್ತು. ನೀ ಯಾರಪ್ಪ, ದಿನಾ ಎದ್ದು ನನ್ನ ಮಗಳಿಗಿ ಹೊಗಿ ಹಾಕ್ಲಾಕ?”

ಅವನು ನನ್ನ ಮುಖ ನೋಡಿದ. ನಾನು ಮರಾಠಿಯಲ್ಲಿ ಹೇಳಿದೆ. ಬಾಣಂತಿ ಗಟ್ಟಿಯಾಗಿ ಮಾತಾಡಬಾರದು, ಆದರೂ ಗಟ್ಟಿಯಾಗಿಯೇ ಹೇಳಿದೆ. ಗಾಡಿ ತರಿಸು, ಕಸ ಎತ್ತಿಸು, ಕಲ್ಲಿನ ಮುಂದೆ ಬೆಂಕಿ ಹಚ್ಚುವುದಾದರೆ ಇವರ ಎದುರಿಗೆ ಹಚ್ಚು ಎಂದೆ. ಹಿಂದೆ ಯಾರೋ ಖಾಲಿ ಕೊಡಕ್ಕೆ ಬೆರಳಿನಿಂದ ಬಡಿಯತೊಡಗಿದರು. ಒಬ್ಬರು ಶುರು ಮಾಡಿದರೆ ಎಲ್ಲರೂ ಬಡಿಯುವವರೇ.

ಅವನು ಚಪ್ಪಲಿ ಬಿಟ್ಟ ಮಾಲಾ. ಬಿಟ್ಟು, ಕೈಯಲ್ಲಿ ಹಿಡಿದುಕೊಂಡು, ಬರಿಗಾಲಿನಲ್ಲಿ ಹೋದ.

ನಿನ್ನ ಅರ್ಜಿಯ ಮುದ್ರೆಯೂ ಸುಳ್ಳಾಗಲಿಲ್ಲ. ನಿನ್ನೆ ಪಾಲಿಕೆಯಿಂದ ಕಸದ ಗಾಡಿ ಬಂದಿತ್ತು. ಬಾಗಿಲು ತೆರೆದಿದೆ. ಖಾಡಿಯ ಗಾಳಿ ಬರುವುದಿಲ್ಲ, ಗೋಡೆ ಹಾಗೇ ಇದೆ. ತಗಡೂ ಹಾಗೇ ಬಿರಿಯುತ್ತದೆ. ಆದರೆ ಬರುವ ಗಾಳಿ ಗಾಳಿಯೇ. ಕೂಸು ದಿನವಿಡೀ ಬಟ್ಟೆ ಒದ್ದೆ ಮಾಡುತ್ತದೆ. ಅವ್ವ ಅದನ್ನು ಓಣಿಗೆಲ್ಲ ಹೇಳುತ್ತ ತಿರುಗುತ್ತಾಳೆ.

ಪದ್ಮಾವತಿ


ಕಳವಾ
೪ ಮೇ ೨೦೨೫

ಮಾಲಾ,

ಅವ್ವ ಎದುರು ಕುಳಿತು ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ತಿದ್ದಬೇಡ, ಹೇಳಿದಂಗ ಬರಿ ಎಂದು ಅಪ್ಪಣೆಯಾಗಿದೆ.

“ಮಾಲಾ, ನಾ ನಿಮ್ಮವ್ವ. ಆ ಮುಕಾದಮ ನಮ್ಮ ಕಡೀ ಹಚ್ಚೂದು ಬಿಟ್ಟಾನ. ಬಿಟ್ಟು ಹಿಂದಿನ ಚಾಳಿನ ಮಗ್ಗಲಾಗ ಹಚ್ಚ್ಲಾಕತ್ತಾನ. ಅಲ್ಲಿ ಒಬ್ಬಾಕಿ ಬಾಣಂತಿ ಅದಾಳ. ಬಿಹಾರದಾಕಿ. ಆಕಿ ಅತ್ತಿನೂ ನನ್ನಂಗೇ, ಬಾಗಿಲಾ ಮುಚ್ಚಿ ಬೆಂಕಿ ಇಟ್ಟಾಳ. ನಾ ಹೋಗಿ ಹೇಳ್ದೆ. ಆಕಿಗಿ ನನ್ನ ಮಾತು ತಿಳೀಲಿಲ್ಲ, ನನಗ ಆಕಿ ಮಾತು ತಿಳೀಲಿಲ್ಲ. ಕೂಸಿನ ಮೈ ಮುಟ್ಟಿ ತೋರಿಸ್ದೆ. ಅದು ತಿಳೀತು. ಅವರಾಗ ಗಂಗಾಪೂಜಾ ಅದನೋ ಇಲ್ಲೋ ಗೊತ್ತಿಲ್ಲ, ಇಲ್ಲಂದ್ರ ನಮ್ಮದೇ ಕೊಡ್ತೀವಿ. ಬರೂ ಶುಕ್ರವಾರ ಅಲ್ಲಿ ಕಲ್ಲು ಇಡ್ತೀವಿ. ಅವನು ಎಲ್ಲೆಲ್ಲಿ ಹಚ್ಚತಾನ ಅಲ್ಲೆಲ್ಲ ಇಡ್ತೀವಿ. ನಿಮ್ಮಪ್ಪಗ ಫರಸಿ ತರ್ಲಾಕ ಹೇಳೀನಿ.

“ಈ ಸಲ ಕೊಡ ಕಡಿಮಿ ಬೀಳ್ತಾವ. ನೀ ಬಾ. ಹಿಂದಿ ಮಾತಾಡೋರು ಬೇಕು. ಆಫೀಸಿನ್ಯಾಗ ಒದರಿ ಬಂದಿ ಅಂತ ಪದ್ಮಾ ಹೇಳ್ಯಾಳ. ಯಂಕಪ್ಪಗ ಬ್ಯಾರೆ ಕಡಿ ಹೆಣ್ಣು ಗಟ್ಟಿ ಆಗ್ಯಾದ. ಬರ್ದೇ ಇರ್ಲಾಕ ನಿನಗ ಈಗ ಯಾವ ನೆವನೂ ಉಳದಿಲ್ಲ.”

ಇಷ್ಟೇ ಅಂತೆ. ಹೆಬ್ಬೆಟ್ಟು ಒತ್ತಲೇನು ಎಂದು ಕೇಳುತ್ತಿದ್ದಾಳೆ. ಕಾಗದ ಹೊಲಸಾಗುತ್ತದೆ, ಬೇಡ ಎಂದೆ. ಕೇಳಲಿಲ್ಲ. ಕೆಳಗಿರುವ ಅರಿಸಿನದ ಗುರುತು ಅವಳದು.

ಪದ್ಮಾವತಿ


ಠಾಕುರ್ಲಿ
೬ ಮೇ ೨೦೨೫

ಅವ್ವಾ,

ಶುಕ್ರವಾರಕ್ಕೆ ರಜೆ ಕೇಳಿದೆ. ಹೋದ ತಿಂಗಳಷ್ಟೇ ಆಸ್ಪತ್ರೆಗೆಂದು ರಜೆ ತೆಗೆದುಕೊಂಡಿದ್ದೀರಲ್ಲ ಎಂದರು. ಹೌದು, ಇದು ಇನ್ನೊಂದು ಎಂದೆ. ಕೊಟ್ಟರು.

ರತ್ನಕ್ಕನೂ ಬರುತ್ತಾರೆ. ಅವರಿಗೆ ಮಂಡಿ ನೋವು, ಹೊರಲಾರರು. ಜಗಳಕ್ಕೆ ಜನ ಬೇಕಲ್ಲ, ನಾನು ಅದಕ್ಕೆ ಎನ್ನುತ್ತಾರೆ.

ಆ ಮನೆಯವರಿಗೆ ಹೇಳಬೇಕಾದ ಮಾತನ್ನು ಹಿಂದಿಯಲ್ಲಿ ಬರೆದುಕೊಂಡು ಅಡುಗೆಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ. ಮೂರನೆಯ ಸಲಕ್ಕೆ ಪಕ್ಕದ ಮನೆಯವರು ಬಂದು ಏನಾಯಿತು ಎಂದು ಕೇಳಿದರು. ಅಷ್ಟು ಗಟ್ಟಿಯಾದರೆ ಸಾಕೇನೋ.

ಬೆಳಗಿನ ಲೋಕಲ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನನ್ನ ಕೊಡವನ್ನು ಹೆಂಗಸರ ಡಬ್ಬಿಯಲ್ಲಿ ತಲೆಯ ಮೇಲೆ ಹಿಡಿದು ನಿಲ್ಲುತ್ತೇನೆ, ಬೈದರೆ ಬೈಯಲಿ. ಹಿತ್ತಾಳೆಯದಲ್ಲ, ಕೆಂಪು ಪ್ಲಾಸ್ಟಿಕ್ಕಿನದು. ಸೋರುವುದಿಲ್ಲ, ತುಂಬಿಸಿ ನೋಡಿದ್ದೇನೆ.

ಮಾಲಾ